ನಾವು ದಿನಾ ಕರೆಯುವ ಆ ಗೈ ಯಾರು?



ಕಳೆದ ನವೆಂಬರ್‌ನಲ್ಲಿ ರಾಜ್ಯೋತ್ಸವದ ನಾಟಕಕ್ಕೆ ತಾಲೀಮು ನಡೀತಿತ್ತು. ದುಬೈನ ಅಲ್ ನಹ್ದಾದಲ್ಲಿರುವ ಗೆಳತಿಯೊಬ್ಬಳ ಮನೆಯ ಹಾಲ್ ನಮ್ಮ ರಂಗಮಂಟಪ. ಅಬುಧಾಬಿಯಿಂದ ಬರುವವರು ಬಸ್ಸಿಳಿದು, ಮೆಟ್ರೋ ಹಿಡಿದು, ಅಲ್ಲಿಗೆ ಬಂದು ಮುಟ್ಟೋ ಹೊತ್ತಿಗೆ ರಾತ್ರಿ ಎಂಟಾಗಿರುತ್ತಿತ್ತು. ಗೆಳತಿಯ ಅಮ್ಮ ಉಪ್ಪಿಟ್ಟಿನ ಪಾತ್ರೆ ತಂದಿಟ್ಟು, ಸೋಫಾದ ತುದಿಯಲ್ಲಿ ಕೂತು ನಮ್ಮ ಮಾತು ಕೇಳ್ತಾ ಇದ್ದರು. ಅರ್ಧ ಗಂಟೆ ಆದ ಮೇಲೆ ಅವರಿಗೆ ಒಂದು ಅನುಮಾನ ಬಂತು. ಬಾಯಿ ತೆಗೆದರೆ ಗೈಸ್ ಗೈಸ್ ಅಂತ ಕರೀತೀರಲ್ಲ, ಇಲ್ಲಿ ಹುಡುಗೀರೇ ಜಾಸ್ತಿ ಇದ್ದಾರೆ, ಅಷ್ಟಕ್ಕೂ ಈ ಗೈ ಅನ್ನೋನು ಯಾರು ಅಂತ ಕೇಳಿದರು.

ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೈಸೂರು ಕಡೆಯ ಹುಡುಗನೊಬ್ಬ ಪಿಯುಸಿಯಲ್ಲಿ ಓದಿದ ಹಳಗನ್ನಡ ನೆನಪು ಮಾಡಿಕೊಂಡು, ಗೈ ಅಂದರೆ ಮಾಡು ಅಂತ ಅರ್ಥ, ಗೆಯ್ಮೆ ಅನ್ನೋ ಮಾತೂ ಅಲ್ಲಿಂದಲೇ ಬಂದಿದ್ದು ಅಂತ ಹೇಳಿದ. ಹಾಗಿದ್ರೆ ಮಾತು ಬಿಟ್ಟು ಏನಾದ್ರೂ ಗೈಯ್ರಪ್ಪಾ ಅಂತ ಅಮ್ಮ ನಗುತ್ತಾ ಎದ್ದು ಹೋದರು. ಆದರೆ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಆಮೇಲೆ ಹುಡುಕಿ ಓದಿದಾಗ ಗೊತ್ತಾಗಿದ್ದು ಇಷ್ಟು: ಆ ಗೈ ನಿಜವಾಗಿಯೂ ಒಬ್ಬ ಮನುಷ್ಯ. ಅವನಿಗೆ ಊರಿತ್ತು, ಅಪ್ಪ ಅಮ್ಮ ಇದ್ದರು, ಶಾಲೆ ಇತ್ತು. ನಮ್ಮ ಹಾಗೇ ಊರು ಬಿಟ್ಟು ಪರದೇಶದಲ್ಲಿ ಬಹಳ ವರ್ಷ ಇದ್ದವನು. ಅವನ ಪೂರ್ತಿ ಹೆಸರು ಗೈ ಫಾಕ್ಸ್. ಅವನ ಕಥೆಯನ್ನು ಇಲ್ಲಿ ಹೇಳ್ತೀನಿ.

ಯಾರ್ಕ್ ಊರಿನ ಹುಡುಗ

ಗೈ ಫಾಕ್ಸ್ ಹುಟ್ಟಿದ್ದು 1570ರಲ್ಲಿ, ಉತ್ತರ ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ. ಏಪ್ರಿಲ್ 16ರಂದು ಅಲ್ಲಿನ ಚರ್ಚಿನಲ್ಲಿ ಅವನಿಗೆ ನಾಮಕರಣ ಆಯಿತು. ಅಪ್ಪ ಎಡ್ವರ್ಡ್ ಚರ್ಚಿನ ನ್ಯಾಯಾಲಯದಲ್ಲಿ ವಕೀಲ. ಅಮ್ಮನ ಹೆಸರು ಈಡಿತ್. ಅಪ್ಪ ಪ್ರಾಟೆಸ್ಟೆಂಟ್ ಪಂಥದವನು, ಅಂದರೆ ಆಗಿನ ಸರ್ಕಾರದ ಪಂಥ. ಗೈಗೆ ಎಂಟು ವರ್ಷ ಇರುವಾಗ, 1579ರಲ್ಲಿ, ಅಪ್ಪ ತೀರಿಕೊಂಡ. ಕೆಲವು ವರ್ಷ ಕಳೆದ ಮೇಲೆ ಅಮ್ಮ ಇನ್ನೊಂದು ಮದುವೆಯಾದಳು. ಮಲತಂದೆ ಕ್ಯಾಥೊಲಿಕ್ ಮನೆಯವನು. ಹುಡುಗ ಓದಿದ ಸೇಂಟ್ ಪೀಟರ್ಸ್ ಶಾಲೆಯಲ್ಲೂ ಕ್ಯಾಥೊಲಿಕ್ ಮನೆತನದ ಸಹಪಾಠಿಗಳಿದ್ದರು. ಅವರಲ್ಲಿ ಜಾನ್ ರೈಟ್, ಕ್ರಿಸ್ಟೋಫರ್ ರೈಟ್ ಎಂಬ ಅಣ್ಣತಮ್ಮಂದಿರೂ ಇಬ್ಬರು. ಈ ಹೆಸರುಗಳನ್ನು ನೆನಪಿಡಿ, ಮುಂದೆ ಮತ್ತೆ ಬರ್ತಾರೆ.

ಆಗ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕ್ ಆಗಿರೋದು ಸುಲಭ ಇರಲಿಲ್ಲ. ಸರ್ಕಾರಿ ಚರ್ಚಿಗೆ ಹೋಗದವರಿಗೆ 1581ರಿಂದ ತಿಂಗಳಿಗೆ 20 ಪೌಂಡ್ ದಂಡ. ಆ ಕಾಲಕ್ಕೆ ಅದು ಒಂದು ಮನೆತನವನ್ನೇ ಬೀದಿಗೆ ತರುವ ಮೊತ್ತ. ಕ್ಯಾಥೊಲಿಕ್ ಪಾದ್ರಿಯನ್ನು ಮನೆಯಲ್ಲಿ ಬಚ್ಚಿಟ್ಟರೆ ಮರಣದಂಡನೆ. 1586ರ ಮಾರ್ಚ್‌ನಲ್ಲಿ ಯಾರ್ಕ್ ಊರಿನಲ್ಲೇ ಮಾರ್ಗರೆಟ್ ಕ್ಲಿದರೋ ಎಂಬ ಕಟುಕನ ಹೆಂಡತಿಯನ್ನು ಇದೇ ಆರೋಪದ ಮೇಲೆ ಹಿಡಿದರು. ಅವಳು ವಿಚಾರಣೆಗೆ ಒಪ್ಪಲಿಲ್ಲ. ಅವಳನ್ನು ಮಲಗಿಸಿ, ಮೇಲೊಂದು ಬಾಗಿಲ ಹಲಗೆ ಇಟ್ಟು, ಅದರ ಮೇಲೆ ಕಲ್ಲು ಹೇರಿ ಕೊಂದರು. ಆಗ ಗೈಗೆ ಹದಿನಾರು ತುಂಬುವುದರಲ್ಲಿತ್ತು. ಅದೇ ಊರಿನ ಹುಡುಗನಿಗೆ ಆ ಸುದ್ದಿ ಮುಟ್ಟದೇ ಇರಲು ಸಾಧ್ಯವಿಲ್ಲ. ಅವನು ಹುಟ್ಟಿದ ಪಂಥ ಬಿಟ್ಟು ಕ್ಯಾಥೊಲಿಕ್ ಆದದ್ದು ಇಂಥ ದಿನಗಳಲ್ಲಿ.

ಪರದೇಶದ ಸಿಪಾಯಿ

ದೊಡ್ಡವನಾದ ಮೇಲೆ ಗೈ ಸ್ವಲ್ಪ ಕಾಲ ಒಬ್ಬ ಶ್ರೀಮಂತರ ಮನೆಯಲ್ಲಿ ಚಾಕರಿ ಮಾಡಿದ. ಆಮೇಲೆ ಅಪ್ಪನಿಂದ ಬಂದಿದ್ದ ಜಮೀನು ಮಾರಿ, ಇಪ್ಪತ್ತರ ಹರೆಯದಲ್ಲೇ ಸಮುದ್ರ ದಾಟಿದ. ಈಗಿನ ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಇರುವ ಜಾಗದಲ್ಲಿ ಆಗ ಸ್ಪೇನಿಗೂ ಡಚ್ಚರಿಗೂ ದೀರ್ಘ ಯುದ್ಧ ನಡೆಯುತ್ತಿತ್ತು. ಸ್ಪೇನಿನ ಕ್ಯಾಥೊಲಿಕ್ ಸೈನ್ಯಕ್ಕೆ ಸೇರಿಕೊಂಡ. 1596ರಲ್ಲಿ ಕ್ಯಾಲೇ ಪಟ್ಟಣ ಹಿಡಿದ ಕಾಳಗದಲ್ಲಿ ಇದ್ದ. ಎತ್ತರದ, ಗಟ್ಟಿ ಮೈಕಟ್ಟಿನ, ಕೆಂಚು ಗಡ್ಡದ ಆಳು. ಸಿಡಿಮದ್ದಿನ ಕೆಲಸ ಕಲಿತದ್ದು ಅಲ್ಲೇ. ಜೊತೆಯವರಲ್ಲಿ ಅವನಿಗೆ ಧೈರ್ಯವಂತ, ನಂಬಿಕಸ್ಥ ಅನ್ನುವ ಹೆಸರಿತ್ತು.

ಅಲ್ಲಿ ಅವನು ತನ್ನ ಹೆಸರನ್ನೂ ಬದಲಾಯಿಸಿಕೊಂಡ. ಗೈ ಹೋಗಿ ಗೀಡೋ ಆದ. ನಮ್ಮಲ್ಲೂ ಇದು ಹೊಸದಲ್ಲ. ಊರಲ್ಲಿ ಮಂಜುನಾಥ ಆದವನು ಇಲ್ಲಿ ಮ್ಯಾನೇಜರ್ ಬಾಯಲ್ಲಿ ಮ್ಯಾಂಜು, ಇನ್ನೊಂದು ವರ್ಷಕ್ಕೆ ಮ್ಯಾನ್. ಆದರೆ ಗೈ ಹೆಸರು ಬದಲಿಸಿದ್ದು ಕರೆಯೋರ ಅನುಕೂಲಕ್ಕೆ ಅಲ್ಲ. ತಾನು ಯಾವ ಕಡೆಯವನು ಅಂತ ಹೇಳಿಕೊಳ್ಳಲಿಕ್ಕೆ.

1603ರಲ್ಲಿ ರಾಣಿ ಎಲಿಜಬೆತ್ ತೀರಿಕೊಂಡಳು. ಸ್ಕಾಟ್ಲೆಂಡಿನ ದೊರೆ ಜೇಮ್ಸ್ ಇಂಗ್ಲೆಂಡಿಗೂ ದೊರೆಯಾದ. ಅದೇ ವರ್ಷ ಗೈ ಸ್ಪೇನಿಗೆ ಹೋಗಿ, ಇಂಗ್ಲೆಂಡಿನ ಮೇಲೆ ದಂಡೆತ್ತಿ ಬನ್ನಿ ಅಂತ ಅಲ್ಲಿನ ಆಸ್ಥಾನವನ್ನು ಕೇಳಿಕೊಂಡ. ಸೈನ್ಯ ಬಂದರೆ ಅಲ್ಲಿನ ಕ್ಯಾಥೊಲಿಕ್ಕರು ಎದ್ದು ನಿಲ್ಲುತ್ತಾರೆ, ಸ್ಕಾಟ್ಲೆಂಡಿನವರನ್ನು ಕಂಡರೆ ಇಂಗ್ಲೆಂಡಿನವರಿಗೆ ಆಗೋದಿಲ್ಲ ಅಂತೆಲ್ಲಾ ವಾದಿಸಿದ. ಊರು ಬಿಟ್ಟು ಹತ್ತು ವರ್ಷವಾದವನು, ಊರಿನವರ ಮನಸ್ಸಿನಲ್ಲಿ ಏನಿದೆ ಅಂತ ಹೇಳ್ತಾ ಇದ್ದ.

ಇಲ್ಲಿ ನಮಗೆ ಸಂಬಂಧಪಟ್ಟ ಒಂದು ವಿಷಯ ಇದೆ. ಗೈ ಸಹಾಯ ಕೇಳಿದ ಸ್ಪೇನಿನ ದೊರೆ ಮೂರನೇ ಫಿಲಿಪ್, ಆಗ ಪೋರ್ಚುಗಲ್ಲಿಗೂ ಅವನೇ ದೊರೆ. ಅಂದರೆ ಗೋವಾ ಅವನದು, ಹೊರ್ಮುಜ್ ಅವನದು, ಮಂಗಳೂರಿನ ಪೋರ್ಚುಗೀಸ್ ಕೋಟೆಯೂ ಅವನದೇ. ಉಳ್ಳಾಲದ ರಾಣಿ ಅಬ್ಬಕ್ಕ ಕಾದಾಡಿದ ಆ ಪೋರ್ಚುಗೀಸರು, 1507ರಲ್ಲಿ ನಮ್ಮ ಈ ಖೋರ್‌ಫಕ್ಕಾನ್ ಪಟ್ಟಣವನ್ನು ಲೂಟಿ ಮಾಡಿದ ಆ ಪೋರ್ಚುಗೀಸರು, ಈಗ ಫಿಲಿಪ್ಪನ ಪ್ರಜೆಗಳು. ಇಷ್ಟು ದೊಡ್ಡ ಲೆಕ್ಕ ನೋಡಿಕೊಳ್ಳುವ ಆಸ್ಥಾನಕ್ಕೆ ಯಾರ್ಕ್ ಊರಿನ ಒಬ್ಬ ಸಿಪಾಯಿಯ ಮಾತು ಭಾರ ಅನ್ನಿಸಲಿಲ್ಲ. ಒಳ್ಳೆ ಮಾತಾಡಿ ಕಳಿಸಿದರು, ಸೈನ್ಯ ಕಳಿಸಲಿಲ್ಲ. 1604ರ ಆಗಸ್ಟ್‌ನಲ್ಲಿ ಸ್ಪೇನ್ ಇಂಗ್ಲೆಂಡಿನ ಜೊತೆ ಶಾಂತಿ ಒಪ್ಪಂದವನ್ನೇ ಮಾಡಿಕೊಂಡಿತು.

36 ಪೀಪಾಯಿ

ಆ ಒಪ್ಪಂದಕ್ಕೂ ಮುಂಚೆ, 1604ರ ವಸಂತದಲ್ಲಿ, ಥಾಮಸ್ ವಿಂಟರ್ ಎಂಬಾತ ಗೈಯನ್ನು ಹುಡುಕಿಕೊಂಡು ಬಂದು ಇಂಗ್ಲೆಂಡಿಗೆ ಕರೆದುಕೊಂಡು ಹೋದ. ಮೇ 20ರಂದು ಲಂಡನ್ನಿನ ಒಂದು ಛತ್ರದಲ್ಲಿ ಐದು ಜನ ಸೇರಿದರು. ನಾಯಕ ರಾಬರ್ಟ್ ಕೇಟ್ಸ್‌ಬಿ. ಜೊತೆಗೆ ವಿಂಟರ್, ಥಾಮಸ್ ಪರ್ಸಿ, ಗೈ, ಮತ್ತೆ ಶಾಲೆಯ ಹಳೇ ಪರಿಚಯದ ಜಾನ್ ರೈಟ್. ಗುಟ್ಟು ಬಿಡುವುದಿಲ್ಲ ಅಂತ ಆಣೆ ಇಟ್ಟರು. ಪಾರ್ಲಿಮೆಂಟ್ ಶುರುವಾಗುವ ದಿನ ದೊರೆ, ಪ್ರಭುಗಳು, ಬಿಷಪ್ಪರು ಎಲ್ಲಾ ಒಂದೇ ಸಭಾಂಗಣದಲ್ಲಿ ಇರ್ತಾರೆ. ಕೆಳಗಿನಿಂದ ಸಿಡಿಮದ್ದು ಇಟ್ಟು ಹಾರಿಸಿಬಿಡೋದು. ಆಮೇಲೆ ಒಂಬತ್ತು ವರ್ಷದ ರಾಜಕುಮಾರಿ ಎಲಿಜಬೆತ್‌ಳನ್ನು ಹಿಡಿದು ತಂದು ಪಟ್ಟಕ್ಕೆ ಕೂರಿಸೋದು. ಇದು ಯೋಜನೆ. ಕೊನೆಗೆ ಗುಂಪು ಹದಿಮೂರು ಜನರದ್ದಾಯಿತು. ಕ್ರಿಸ್ಟೋಫರ್ ರೈಟ್ ಕೂಡ ಬಂದ.

ಕಾಲ ಅಂದಾಜಾಗಲಿ ಅಂತ ಹೇಳ್ತೀನಿ. ಅದೇ 1604ರಲ್ಲಿ ನಮ್ಮಲ್ಲಿ ಭಟ್ಟಾಕಳಂಕ ಕರ್ನಾಟಕ ಶಬ್ದಾನುಶಾಸನ ಎಂಬ ಕನ್ನಡ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಬರೆದ. ಮೈಸೂರಿನಲ್ಲಿ ರಾಜ ಒಡೆಯರ ಆಳ್ವಿಕೆ. ಮರುವರ್ಷದ ಅಕ್ಟೋಬರ್‌ನಲ್ಲಿ ಆಗ್ರಾದಲ್ಲಿ ಅಕ್ಬರ್ ತೀರಿಕೊಂಡ.

ಲಂಡನ್ನಿನಲ್ಲಿ ಗೈಯನ್ನು ಗುರುತಿಸುವವರು ಯಾರೂ ಇರಲಿಲ್ಲ. ಅಷ್ಟು ವರ್ಷ ಹೊರಗಿದ್ದದ್ದು ಈಗ ಅನುಕೂಲಕ್ಕೆ ಬಂತು. ಜಾನ್ ಜಾನ್ಸನ್ ಅಂತ ಹೆಸರು ಹೇಳಿಕೊಂಡು, ಪರ್ಸಿಯ ಮನೆಯಾಳಿನ ವೇಷದಲ್ಲಿ ಇದ್ದ. 1605ರ ಮಾರ್ಚ್‌ನಲ್ಲಿ ಪ್ರಭುಗಳ ಸಭಾಂಗಣದ ಕೆಳಗೇ ಒಂದು ಉಗ್ರಾಣ ಬಾಡಿಗೆಗೆ ಸಿಕ್ಕಿತು. ಒಟ್ಟು 36 ಪೀಪಾಯಿ ಸಿಡಿಮದ್ದು ತಂದು ಪೇರಿಸಿ, ಮೇಲೆ ಸೌದೆ ಮುಚ್ಚಿದರು. ಲಂಡನ್ನಿನಲ್ಲಿ ಪ್ಲೇಗು ಇದ್ದದ್ದರಿಂದ ಪಾರ್ಲಿಮೆಂಟ್ ಮುಂದಕ್ಕೆ ಹೋಗಿ, ಕೊನೆಗೆ ನವೆಂಬರ್ 5 ನಿಗದಿಯಾಯಿತು.

ಈ ಯೋಜನೆಯಲ್ಲಿ ಒಂದು ಹುಳುಕಿತ್ತು. ಆ ಸಭಾಂಗಣದಲ್ಲಿ ಕೂರುವ ಪ್ರಭುಗಳಲ್ಲಿ ಕ್ಯಾಥೊಲಿಕ್ಕರೂ ಇದ್ದರು. ಯಾರಿಗಾಗಿ ಹೋರಾಟವೋ ಅವರಲ್ಲೇ ಕೆಲವರು ಸಾಯಬೇಕಿತ್ತು. ಅಕ್ಟೋಬರ್ 26ರ ರಾತ್ರಿ ಮಾಂಟೀಗಲ್ ಎಂಬ ಕ್ಯಾಥೊಲಿಕ್ ಪ್ರಭುವಿಗೆ ಸಹಿ ಇಲ್ಲದ ಒಂದು ಕಾಗದ ಬಂತು. ಈ ಸಲ ಪಾರ್ಲಿಮೆಂಟಿಗೆ ಬರಬೇಡಿ, ನೆಪ ಹೇಳಿ ತಪ್ಪಿಸಿಕೊಳ್ಳಿ ಅನ್ನೋದು ಅದರ ಸಾರ. ಅವನು ಅದನ್ನು ನೇರ ಸರ್ಕಾರಕ್ಕೆ ಮುಟ್ಟಿಸಿದ.

ನವೆಂಬರ್ 4ರಂದು ಅಧಿಕಾರಿಗಳು ಮೊದಲ ಸಲ ಹುಡುಕಲು ಬಂದಾಗ ಉಗ್ರಾಣದಲ್ಲಿ ಒಬ್ಬ ಆಳು, ಒಂದು ದೊಡ್ಡ ಸೌದೆ ರಾಶಿ ಕಂಡರು, ಸುಮ್ಮನೆ ಹೋದರು. ಆದರೆ ಪರ್ಸಿಯ ಹೆಸರು ಕೇಳಿ ಅನುಮಾನ ಹುಟ್ಟಿತು. ನಡುರಾತ್ರಿ ಇನ್ನೊಂದು ಗುಂಪು ಬಂತು. ಗೈ ಅಲ್ಲೇ ಇದ್ದ, ಬೂಟು ಹಾಕಿಕೊಂಡು, ಹೊರಡಲು ತಯಾರಾಗಿ. ಅವನ ಹತ್ತಿರ ಗಡಿಯಾರ, ನಿಧಾನಕ್ಕೆ ಉರಿಯುವ ಬತ್ತಿ, ಒಂದು ಲಾಟೀನು ಸಿಕ್ಕವು. ಆ ಲಾಟೀನು ಇವತ್ತೂ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿ ಇದೆ.

ಹೆಸರು ಹೇಳದ ಎರಡು ದಿನ

ಹಿಡಿದು ದೊರೆಯ ಮುಂದೆ ನಿಲ್ಲಿಸಿದರೂ ಗೈ ಹೆದರಲಿಲ್ಲ. ಸ್ಕಾಟ್ಲೆಂಡಿನಿಂದ ಬಂದವರನ್ನು ಅವರ ಬೆಟ್ಟಗಳಿಗೇ ಹಾರಿಸಿ ಕಳಿಸೋದು ತನ್ನ ಉದ್ದೇಶ ಅಂತ ದೊರೆಯ ಎದುರಿಗೇ ಹೇಳಿದನಂತೆ. ಅವನ ಗಟ್ಟಿತನ ನೋಡಿ ಜೇಮ್ಸ್ ಕೂಡ ಬೆರಗಾದ. ಆದರೆ ನವೆಂಬರ್ 6ರಂದು ಚಿತ್ರಹಿಂಸೆಗೆ ಅಪ್ಪಣೆ ಕೊಟ್ಟ. ಮೊದಲು ಸೌಮ್ಯವಾದದ್ದು, ಬಗ್ಗದಿದ್ದರೆ ಹಂತ ಹಂತವಾಗಿ ಜಾಸ್ತಿ.

ಲಂಡನ್ ಗೋಪುರದ ಸೆರೆಯಲ್ಲಿ ಎರಡು ದಿನ ಅವನು ಜಾನ್ ಜಾನ್ಸನ್ ಆಗಿಯೇ ಉಳಿದ. ತನ್ನ ಹೆಸರನ್ನೂ ಹೇಳಲಿಲ್ಲ, ಜೊತೆಗಾರರ ಹೆಸರನ್ನೂ ಹೇಳಲಿಲ್ಲ. ನವೆಂಬರ್ 7ರ ಹೊತ್ತಿಗೆ ತಾನು ಗೈ ಫಾಕ್ಸ್ ಅಂತ ಒಪ್ಪಿಕೊಂಡ. ಆಮೇಲೆ ಉಳಿದವರ ಹೆಸರು ಬಂದವು. ಹಿಂಸೆಯ ನಂತರ ಅವನು ಹಾಕಿದ ಸಹಿ ಇಂಗ್ಲೆಂಡಿನ ರಾಷ್ಟ್ರೀಯ ದಾಖಲೆಗಳಲ್ಲಿ ಉಳಿದಿದೆ. ಬರೀ ಗೀಡೋ ಅಂತ, ನಡುಗಿದ ಗೆರೆಗಳಲ್ಲಿ, ಅಕ್ಷರ ಅಂತ ಗುರುತಿಸೋದೇ ಕಷ್ಟ. ಕೆಲವು ದಿನ ಬಿಟ್ಟು ಹಾಕಿದ ಇನ್ನೊಂದು ಸಹಿ ನೆಟ್ಟಗಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಆ ಕೋಣೆಯಲ್ಲಿ ಏನಾಯಿತು ಅಂತ ಬೇರೆ ಯಾರೂ ಹೇಳಬೇಕಾಗಿಲ್ಲ.

ಅಷ್ಟರಲ್ಲಿ ಕೇಟ್ಸ್‌ಬಿ, ಪರ್ಸಿ, ರೈಟ್ ಅಣ್ಣತಮ್ಮಂದಿರು ನವೆಂಬರ್ 8ರಂದು ಹೋಲ್‌ಬೀಚ್ ಎಂಬಲ್ಲಿ ಸರ್ಕಾರದ ಆಳುಗಳ ಗುಂಡಿಗೆ ಬಲಿಯಾದರು. ಅವರು ನೆಚ್ಚಿದ್ದ ಕ್ಯಾಥೊಲಿಕ್ ದಂಗೆ ಏಳಲೇ ಇಲ್ಲ. ಜನ ಬಾಗಿಲು ಹಾಕಿಕೊಂಡರು. ಉಳಿದವರ ವಿಚಾರಣೆ 1606ರ ಜನವರಿ 27ರಂದು ನಡೆಯಿತು. ಜನವರಿ 31ರಂದು ಪಾರ್ಲಿಮೆಂಟಿನ ಎದುರಿಗೇ ನಾಲ್ವರಿಗೆ ಶಿಕ್ಷೆ. ಗೈ ಕೊನೆಯವನು. ಹಿಂಸೆಯಿಂದ ನಿತ್ರಾಣನಾಗಿದ್ದ ಅವನನ್ನು ಏಣಿ ಹತ್ತಿಸಲು ಆಸರೆ ಕೊಡಬೇಕಾಯಿತು. ನೇಣು ಹಾಕಿ, ಜೀವ ಇರುವಾಗಲೇ ಇಳಿಸಿ, ಸೀಳಬೇಕು ಅನ್ನೋದು ತೀರ್ಪು. ಆದರೆ ಮೇಲಿನಿಂದ ಬಿದ್ದ ರಭಸಕ್ಕೆ ಕತ್ತು ಮುರಿದು ಅಲ್ಲೇ ಪ್ರಾಣ ಹೋಯಿತು. ವಯಸ್ಸು 35.

ಅವನ ಸಾವಿನ ನಂತರ ಆದದ್ದು ಇನ್ನೂ ಬೇಸರದ ಸಂಗತಿ. ಆ ವರ್ಷವೇ ಬಂದ ಹೊಸ ಕಾನೂನು ಕ್ಯಾಥೊಲಿಕ್ಕರು ವಕೀಲಿ, ವೈದ್ಯಕೀಯ ಮಾಡದ ಹಾಗೆ ತಡೆಯಿತು. ವಕೀಲನ ಮಗ ಮಾಡಿದ ಕೆಲಸದಿಂದ ಅವನ ಜನಕ್ಕೆ ವಕೀಲಿಯೇ ಇಲ್ಲವಾಯಿತು. ಕ್ಯಾಥೊಲಿಕ್ಕರು ಮತ್ತೆ ಪಾರ್ಲಿಮೆಂಟಿನಲ್ಲಿ ಕೂರಬೇಕಾದರೆ 1829ರವರೆಗೆ ಕಾಯಬೇಕಾಯಿತು.

ಬೊಂಬೆಯಿಂದ ಮಾತಿಗೆ

ದೊರೆ ಉಳಿದ ಸಂತೋಷಕ್ಕೆ 1605ರ ನವೆಂಬರ್ 5ರ ರಾತ್ರಿಯೇ ಲಂಡನ್ನಿನ ಜನ ಬೀದಿಯಲ್ಲಿ ಬೆಂಕಿ ಹಾಕಿದರು. ಪ್ರತಿ ವರ್ಷ ಆ ದಿನ ಆಚರಿಸಬೇಕು ಅಂತ ಕಾನೂನೇ ಬಂತು, 1859ರವರೆಗೂ ಇತ್ತು. ಮೊದಮೊದಲು ಬೆಂಕಿಗೆ ಹಾಕುತ್ತಿದ್ದದ್ದು ಪೋಪನ ಬೊಂಬೆ. ಬರಬರುತ್ತಾ ಅದು ಗೈ ಫಾಕ್ಸ್ ಬೊಂಬೆ ಆಯಿತು. ಮಕ್ಕಳು ಹಳೇ ಬಟ್ಟೆಗೆ ಹುಲ್ಲು ತುರುಕಿ, ಹರಿದ ಟೋಪಿ ಹಾಕಿ, ಬೀದಿ ಬೀದಿಯಲ್ಲಿ ತಳ್ಳಿಕೊಂಡು ಹೋಗಿ ಗೈಗೆ ಒಂದು ಪೆನ್ನಿ ಕೊಡಿ ಅಂತ ಕಾಸು ಕೇಳುತ್ತಿದ್ದರು. ರಾತ್ರಿ ಸುಡುತ್ತಿದ್ದರು.

ಹುಬ್ಬಳ್ಳಿ, ಧಾರವಾಡ, ಬಾಗಲಕೋಟೆ ಕಡೆಯವರಿಗೆ ಇದು ಓದಿದ ತಕ್ಷಣ ಕಾಮಣ್ಣ ನೆನಪಾಗಿರಬೇಕು. ಹೋಳಿ ಹುಣ್ಣಿಮೆಗೆ ಹಲಗೆ ಬಡೀತಾ ಮನೆಮನೆ ತಿರುಗಿ ಕಾಸು ಕೇಳೋದು, ಕುಳ್ಳು ಕಟ್ಟಿಗೆ ಕದಿಯೋದು, ಕೊನೆಗೆ ಕಾಮಣ್ಣನನ್ನು ಸುಡೋದು. ಅಷ್ಟೇ ಅಲ್ಲ, ಹುಡುಗೀರ ಹಿಂದೆ ಅಲೆಯೋನನ್ನು ಬೀದಿ ಕಾಮಣ್ಣ ಅಂತೀವಲ್ಲ, ಸುಡುವ ಬೊಂಬೆಯ ಹೆಸರು ಗಂಡಸರಿಗೆ ಅಂಟಿಕೊಂಡದ್ದು ನಮ್ಮಲ್ಲೂ ಇದೆ.

ಇಂಗ್ಲಿಷಿನಲ್ಲೂ ಆದದ್ದು ಹಾಗೇ. 1800ರ ದಶಕಗಳಲ್ಲಿ ಆ ಬೊಂಬೆಯ ಹಾಗೆ ಅಡ್ಡಾದಿಡ್ಡಿ ಬಟ್ಟೆ ತೊಟ್ಟವನನ್ನು ಗೈ ಅಂತ ಹಂಗಿಸುತ್ತಿದ್ದರು. ಅಂದರೆ ನಮ್ಮ ಬೆರ್ಚಪ್ಪ ಇದ್ದ ಹಾಗೆ. ಮಾತು ಅಮೆರಿಕಕ್ಕೆ ಹೋದಾಗ ಅಲ್ಲಿ ಹಂಗಿನ ಕೊಂಕು ಸವೆದು, ಆ ಶತಮಾನದ ನಡುವಿನ ಹೊತ್ತಿಗೆ ಬರೀ ಮನುಷ್ಯ, ಆಸಾಮಿ ಅನ್ನುವ ಅರ್ಥ ಉಳಿಯಿತು. ಇಪ್ಪತ್ತನೇ ಶತಮಾನದಲ್ಲಿ ಬಹುವಚನ ಗೈಸ್ ಹೆಂಗಸರನ್ನೂ ಸೇರಿಸಿಕೊಂಡಿತು. ಅದು ಸರಿಯೇ ಅಂತ ಇಂಗ್ಲಿಷಿನವರಲ್ಲೇ ಈಗ ಚರ್ಚೆ ಇದೆ, ಅಲ್ ನಹ್ದಾದ ಅಮ್ಮ ಕೇಳಿದ್ದೂ ಅದನ್ನೇ. ಅಂದ ಹಾಗೆ, ಮರುಭೂಮಿಗೆ ಕ್ಯಾಂಪಿಂಗ್ ಹೋದಾಗ ಟೆಂಟ್ ಬಿಗಿಯುವ ಹಗ್ಗಕ್ಕೂ ಗೈ ಅಂತಾರೆ. ಅದು ಬೇರೆಯೇ ಮಾತು, ಇವನಿಗೂ ಅದಕ್ಕೂ ನಂಟಿಲ್ಲ.

ನಮ್ಮ ಕರಾವಳಿಯವರ ಮಾರಾಯ ಇದಕ್ಕೆ ತಿರುಗುಮುರುಗು. ಮಹಾರಾಯ ಅನ್ನುವ ದೊಡ್ಡ ಗೌರವದ ಮಾತು ಸವೆದು ಸವೆದು ಗೆಳೆಯನ ಹೆಗಲ ಮೇಲೆ ಕೈ ಹಾಕಿತು. ಗೈ ಬೆಂಕಿಯಿಂದ ಎದ್ದು ಬಂದು ಅದೇ ಜಾಗಕ್ಕೆ ಸೇರಿದ. ಕೇಟ್ಸ್‌ಬಿ ನಾಯಕನಾಗಿದ್ದ, ಅವನ ಹೆಸರಿನಿಂದ ಯಾವ ಮಾತೂ ಹುಟ್ಟಲಿಲ್ಲ. 1980ರ ದಶಕದಲ್ಲಿ ಡೇವಿಡ್ ಲಾಯ್ಡ್ ಎಂಬ ಚಿತ್ರಕಾರ ಒಂದು ಕಾಮಿಕ್ಸ್‌ಗೆ ಗೈ ಮುಖವಾಡ ಬರೆದ, ಆಮೇಲೆ ಸಿನಿಮಾ ಬಂತು, ಈಗ ಲೋಕದ ಹಲವು ಪ್ರತಿಭಟನೆಗಳಲ್ಲಿ ಆ ನಗುವ ಮುಖವಾಡ ಕಾಣುತ್ತೆ. ಅದನ್ನು ಹಾಕಿಕೊಳ್ಳೋದೇ ತಮ್ಮ ಹೆಸರು ಗೊತ್ತಾಗದಿರಲಿ ಅಂತ. ಎರಡು ದಿನ ಹೆಸರು ಮುಚ್ಚಿಟ್ಟವನಿಗೆ ಅದಾದರೂ ಸರಿಹೊಂದುತ್ತೆ.

ಯಾರ್ಕ್‌ನ ಸೇಂಟ್ ಪೀಟರ್ಸ್ ಶಾಲೆ ಇವತ್ತಿಗೂ ನಡೀತಿದೆ. ಅಲ್ಲಿ ನವೆಂಬರ್ 5ಕ್ಕೆ ಗೈ ಬೊಂಬೆ ಸುಡೋದಿಲ್ಲ. ಅವನು ಅವರ ಹಳೇ ವಿದ್ಯಾರ್ಥಿ.

ಅವನನ್ನು ವೀರ ಅನ್ನಲು ನನಗೆ ಮನಸ್ಸು ಬರೋದಿಲ್ಲ. ಅವನ ಜನಕ್ಕೆ ಆದ ಅನ್ಯಾಯ ನಿಜ, ಅವನು ಹಿಡಿದ ದಾರಿ ನೂರಾರು ಜನರನ್ನು ಕೊಲ್ಲುವ ದಾರಿ. ನನ್ನನ್ನು ಕಾಡಿದ್ದು ನಡುವಿನ ಆ ಹತ್ತು ವರ್ಷ. ದೂರದಲ್ಲಿದ್ದು ಊರಿನ ಬಗ್ಗೆ ಯೋಚಿಸುತ್ತಾ ಅವನ ತಲೆಯಲ್ಲಿ ಒಂದು ಇಂಗ್ಲೆಂಡ್ ಬೆಳೆಯಿತು. ಅದರಲ್ಲಿ ಇದ್ದದ್ದು ಶತ್ರುಗಳು, ಮತ್ತೆ ತನ್ನ ಒಂದು ಕೂಗಿಗೆ ಎದ್ದು ನಿಲ್ಲುವ ತನ್ನವರು, ಅಷ್ಟೇ. ನಿಜವಾದ ಊರಿನಲ್ಲಿ ಅವನ ತನ್ನವರು ದಂಡ ಕಟ್ಟಿಕೊಂಡು, ಅಕ್ಕಪಕ್ಕದವರ ಜೊತೆ ಹೊಂದಿಕೊಂಡು, ಹೇಗೋ ಬದುಕುತ್ತಿದ್ದರು. ನಾವೂ ರಾತ್ರಿ ರೂಮಿನಲ್ಲಿ ಕೂತು ಊರಿನ ಬಗ್ಗೆ ಬರುವ ಫಾರ್ವರ್ಡ್ ಮೆಸೇಜ್ ಓದಿ ಸಿಟ್ಟಿನಿಂದ ಕುದಿಯುತ್ತೀವಿ, ಅದನ್ನೇ ಇನ್ನೊಂದು ಗ್ರೂಪಿಗೆ ಕಳಿಸ್ತೀವಿ. ನಾನೂ ಮಾಡಿದ್ದೀನಿ. ಈಗ ಹಾಗೆ ಸಿಟ್ಟು ಬಂದಾಗ ಮೊದಲು ಅಜ್ಜಿಗೆ ಫೋನ್ ಹಾಕಿ ಊರಲ್ಲಿ ಏನು ಸಮಾಚಾರ ಅಂತ ಕೇಳ್ತೀನಿ. ಸಾಮಾನ್ಯವಾಗಿ ಮಳೆ, ಅಡಿಕೆ ರೇಟು, ಪಕ್ಕದ ಮನೆಯ ಮದುವೆ ಇಷ್ಟೇ ಇರುತ್ತೆ.

ಮುಂದಿನ ತಾಲೀಮಿನಲ್ಲಿ ಗೆಳತಿಯ ಅಮ್ಮನಿಗೆ ಈ ಕಥೆ ಪೂರ್ತಿ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಷ್ಟೊಂದು ಹೆಸರು ಕಳಕೊಂಡವನ ಹೆಸರು ಹಿಡಿದು ಎಲ್ಲರನ್ನೂ ಕರೆಯೋ ಬದಲು ಒಬ್ಬೊಬ್ಬರನ್ನೂ ಅವರವರ ಹೆಸರಿನಿಂದ ಕರೀರಿ ಅಂದರು. ಅವತ್ತು ರಾತ್ರಿ ಪೂರ್ತಿ ಹಾಗೇ ಕರೆದೆವು. ಎರಡು ವರ್ಷದಿಂದ ಜೊತೆಗಿದ್ದ ಒಬ್ಬ ಹುಡುಗನ ಪೂರ್ತಿ ಹೆಸರು ನನಗೆ ಗೊತ್ತಾಗಿದ್ದು ಆವತ್ತೇ.